ಜಗಲಿ ಇದ್ದ ಕ್ರಾಸು

ಅಪ್ಪ ಡ್ಯೂಟಿ ಮುಗಿಸಿ ಬಂದರೆ ಅವರಿಗಿಂತ ಮೊದಲು ಗಂಧದ ವಾಸನೆ ಜಗಲಿ ಹತ್ತುತ್ತಿತ್ತು. ಅವರು ಕೆಲಸಕ್ಕಿದ್ದ ಸರ್ಕಾರಿ ಸೋಪ್ ಫ್ಯಾಕ್ಟರಿ 1957ರಲ್ಲಿ ಬೆಂಗಳೂರಿನ ರಾಜಾಜಿನಗರದ ಇಂಡಸ್ಟ್ರಿಯಲ್ ಸಬರ್ಬಿಗೆ ಬಂದಿತ್ತು. ರಾಜಾಜಿ ಗವರ್ನರ್ ಜನರಲ್ ಆಗಿದ್ದಾಗ, 1949ರಲ್ಲಿ, ಅವರ ಹೆಸರಿನಲ್ಲೇ ಶುರುವಾದ ಬಡಾವಣೆ ಇದು.

ನಮ್ಮದು ವಠಾರ. ಸಾಲಾಗಿ ಐದು ಹೆಂಚಿನ ಮನೆ, ಎಲ್ಲಕ್ಕೂ ಸೇರಿ ಒಂದೇ ನಲ್ಲಿ, ಮುಂದೆ ಮಂಡಿಯೆತ್ತರದ ಕಲ್ಲಿನ ಜಗಲಿ. ಜನ ಕೂತು ಕೂತೇ ಅದರ ಅಂಚು ನುಣುಪಾಗಿತ್ತು. ಅಡುಗೆ ಮುಗಿಸಿ ಅಮ್ಮ ಅಲ್ಲಿ ಅಕ್ಕಿ ಆರಿಸುತ್ತಾ ಕೂರುತ್ತಿದ್ದಳು. ಕಣ್ಣು ಮೊರದಲ್ಲಿ, ಕಿವಿ ಬೀದಿಯಲ್ಲಿ. ನಾನು ಸ್ಕೂಲಿಗೆ ಚಕ್ಕರ್ ಹೊಡೆದು ಕ್ರಾಸಿಗೆ ಕಾಲಿಟ್ಟರೆ ಸಾಕು, ಮೂರನೇ ಮನೆ ಅಜ್ಜಿ, "ಯಾಕೋ ಮರಿ, ಇವತ್ತು ಬೇಗ ಬಿಟ್ರಾ?" ಅನ್ನುತ್ತಿದ್ದರು. ಬೀದಿಯನ್ನು ಕಾಯುವುದು ಅಲ್ಲಿನವರ ಕಣ್ಣುಗಳೇ ಎಂದು ಅಮೆರಿಕದ ಜೇನ್ ಜೇಕಬ್ಸ್ 1961ರ ತಮ್ಮ ಪುಸ್ತಕದಲ್ಲಿ ವಾದಿಸಿದ್ದನ್ನು ಬಹಳ ವರ್ಷಗಳ ಮೇಲೆ ಓದಿದೆ. ನೆನಪಾದದ್ದು ಆ ಅಜ್ಜಿ.

ಕಟ್ಟಡಗಳ ಬಗ್ಗೆ ಬರೆಯುವವರು ಕಂಬ, ಕಮಾನು, ಗುಮ್ಮಟ ನೋಡುತ್ತಾರೆ. ಹೈಕೋರ್ಟ್ ಇರುವ ಅಠಾರಾ ಕಚೇರಿಯನ್ನು ಕೆಡವುವ ಮಾತು 1980ರ ದಶಕದಲ್ಲಿ ಬಂದಾಗ ಜನ ಹೋರಾಡಿ ಉಳಿಸಿಕೊಂಡರು, ಅದು ಆಗಲೇಬೇಕಿತ್ತು. ನಮ್ಮ ಜಗಲಿಗಳ ಪರವಾಗಿ ಮಾತ್ರ ಯಾರೂ ಒಂದು ಸಾಲು ಬರೆಯಲಿಲ್ಲ.

ಒಂದೊಂದೇ ವಠಾರ ಹೋಯಿತು. ಮಾಲೀಕರ ಮಕ್ಕಳು ಪಾಲು ಕೇಳಿದರು, ಹಳೇ ಬಾಡಿಗೆಯಲ್ಲಿ ಸೂರು ರಿಪೇರಿಯೂ ಗಿಟ್ಟುತ್ತಿರಲಿಲ್ಲ. ಅವರನ್ನು ನಾನು ದೂರಲಾರೆ. ನಮ್ಮದನ್ನು ಕೆಡವಿದ ದಿನ ಹೋಗಿ ನಿಂತಿದ್ದೆ. ಹೆಂಚುಗಳನ್ನು ಕೈಯಿಂದ ಕೈಗೆ ಜೋಪಾನವಾಗಿ ಇಳಿಸಿದರು, ಮಾರಿದರೆ ದುಡ್ಡು ಬರುತ್ತದಲ್ಲ. ಒಂದನ್ನು ತಿರುಗಿಸಿ ನೋಡಿದೆ. ಪಾಚಿಯ ನಡುವೆ ಮಂಗಳೂರಿನ ಹೆಸರು ಉಬ್ಬಿಕೊಂಡಿತ್ತು. ಜಗಲಿಯ ಚಪ್ಪಡಿಗೆ ಸುತ್ತಿಗೆ ಬಿತ್ತು.

ಈಗ ಅಲ್ಲಿ ನಾಲ್ಕು ಮಹಡಿ. ನೆಲಮಟ್ಟದಲ್ಲಿ ಕಂಬಗಳು, ಕಾರುಗಳು, ಮುಂದೆ ಉದ್ದಕ್ಕೂ ಕಬ್ಬಿಣದ ಗೇಟು. ಮಹಡಿ ಎದ್ದದ್ದಕ್ಕೆ ನನ್ನ ತಕರಾರಿಲ್ಲ. ಐದು ಸಂಸಾರವಿದ್ದ ಕಡೆ ಎಂಟು ಸಂಸಾರಕ್ಕೆ ಜಾಗವಾಗಿದೆ. ಆದರೆ ಬೀದಿಗೆ ಮುಖಮಾಡಿ ಒಬ್ಬರು ಕೂರುವಷ್ಟು, ಮೂರಡಿ ಕಟ್ಟೆಯನ್ನು ನಕ್ಷೆಯಲ್ಲಿ ಬಿಡಬಹುದಿತ್ತು. ಬಿಡಬೇಕಿತ್ತು.

ಹೋದ ತಿಂಗಳು ಆ ಕ್ರಾಸಿನಲ್ಲಿ ಸೊಪ್ಪಿನವಳು ತಲೆಯೆತ್ತಿ ಕೂಗುತ್ತಿದ್ದಳು. ಮೂರನೇ ಮಹಡಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಯಿತು. ಅದರಲ್ಲಿದ್ದ ದುಡ್ಡು ತೆಗೆದುಕೊಂಡು ಎರಡು ಕಟ್ಟು ದಂಟಿನ ಸೊಪ್ಪು ಇಟ್ಟಳು. ಬುಟ್ಟಿ ಮೇಲೆ ಹೋಯಿತು. ಎಳೆದುಕೊಂಡವರ ಮುಖ ನನಗೂ ಕಾಣಲಿಲ್ಲ, ಅವಳಿಗೂ ಕಾಣಲಿಲ್ಲ.