ಅಕ್ಕನ ಓಣಿಯಲ್ಲಿ ಹುಳ ಕೂಗಲಿಲ್ಲ

2024ರ ಮೇ ಕೊನೆಯಲ್ಲಿ ನಾವು ಅಮೆರಿಕಕ್ಕೆ ಹೋದೆವು. ನಾವು ಅಂದರೆ ಕುರುಗೋಡಿನ ನಮ್ಮ ಅವ್ವ, ಜೊತೆಗೆ ಈ ಬರೆಯುತ್ತಿರುವ ಅವಳ ಮಗ. ತಿರುಗಾಡೋಕೆ ಹೋದದ್ದಲ್ಲ, ಅಕ್ಕನ ಬಾಣಂತನಕ್ಕೆ. ಬಳ್ಳಾರಿಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದಾಗ ನಮ್ಮ ಹತ್ತಿರ ನಾಲ್ಕು ದೊಡ್ಡ ಸೂಟ್‌ಕೇಸ್ ಇದ್ದವು. ಅಂಟು, ಉತ್ತುತ್ತಿ, ಕೊಬ್ಬರಿ, ಬಜೆ, ಲೋಬಾನ, ಕುಟ್ಟಿದ ಬ್ಯಾಡಗಿ ಖಾರ. ಒಂದರ ತಳದಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಹೊಲದ ಪಹಣಿ, ವಕೀಲರು ಬರೆದುಕೊಟ್ಟ ಜಿಪಿಎ ಕರಡು.

ಆ ಕಾಗದದ ವಿಷಯ ಮೊದಲೇ ಹೇಳಿಬಿಡ್ತೀವಿ. ಕುರುಗೋಡಿನಿಂದ ಬಳ್ಳಾರಿಗೆ ಬರೋ ರಸ್ತೆ ಕಡೆ ನಮ್ಮದು ಮೂರು ಎಕರೆ ಐತೆ. ಕಾಲುವೆ ನೀರು ಬಂದರೆ ಮೆಣಸಿನಕಾಯಿ, ಬರದಿದ್ದರೆ ದೇವರೇ ಗತಿ. ಕುರುಗೋಡು ತಾಲೂಕು ಆದಮೇಲೆ ಅಕ್ಕಪಕ್ಕದ ಹೊಲಗಳಲ್ಲಿ ಬಣ್ಣ ಬಳಿದ ಕಲ್ಲುಗಳು ಎದ್ದವು. ಲೇಔಟ್ ಮಾಡೋರು ನಮ್ಮ ಮನೆಗೂ ಬಂದರು. ಅಪ್ಪ ಇಲ್ಲ, ಮೂರು ಪಾಲು, ಮೂರು ಸಹಿ ಬೇಕು. ಅಕ್ಕನ ಸಹಿಗೆ ಷಿಕಾಗೋದಲ್ಲಿರುವ ಭಾರತದ ಕಾನ್ಸುಲೇಟ್‌ನ ಮುದ್ರೆ ಬೇಕು. ಅಕ್ಕ ಈ ಮಾತಿಗೆ ಒಪ್ಪಿದ್ದು ದುಡ್ಡಿನ ಆಸೆಗಲ್ಲ. ಹೊಲ ಮಾರಿ ಬಳ್ಳಾರಿಯಲ್ಲಿ ಒಂದು ಫ್ಲ್ಯಾಟ್ ತಗೊಂಡರೆ ಅವ್ವ ಆಸ್ಪತ್ರೆ, ಅಂಗಡಿ ಹತ್ತಿರ ನೆಮ್ಮದಿಯಾಗಿ ಇರ್ತಾಳೆ ಅಂತ. ಅವ್ವ ಹೂಂ ಅಂದಿರಲಿಲ್ಲ, ಉಹೂಂ ಅಂತಲೂ ಅಂದಿರಲಿಲ್ಲ.

ಅಕ್ಕ ಇರೋ ಊರು ನೇಪರ್‌ವಿಲ್. ಇಲಿನಾಯ್ ರಾಜ್ಯದ ಷಿಕಾಗೋ ಮಹಾನಗರದಿಂದ ಪಶ್ಚಿಮಕ್ಕೆ ಸುಮಾರು 45 ಕಿ.ಮೀ. ನಮಗೆ ಬಳ್ಳಾರಿ ಹೇಗೋ ಅವರಿಗೆ ಷಿಕಾಗೋ ಹಾಗೆ ಅಂದುಕೊಳ್ಳಿ. ಕೆಲಸಕ್ಕೆ ಅಲ್ಲಿಗೆ ಹೋಗಬೇಕು, ರಾತ್ರಿ ಮಲಗೋಕೆ ಇಲ್ಲಿಗೆ ಬರಬೇಕು. ಎರಡಂತಸ್ತಿನ ಡಬ್ಬಿಗಳ ಮೆಟ್ರಾ ರೈಲು ನೇಪರ್‌ವಿಲ್‌ನಿಂದ ಷಿಕಾಗೋದ ಯೂನಿಯನ್ ಸ್ಟೇಷನ್‌ಗೆ ಒಂದು ಗಂಟೆಯೊಳಗೆ ಮುಟ್ಟಿಸುತ್ತೆ. ಕುರುಗೋಡಿನಿಂದ ಬಳ್ಳಾರಿ ಅದಕ್ಕಿಂತ ಹತ್ತಿರ, ಆದರೂ ನಮ್ಮ ಬಸ್ಸಿಗೆ ಕೆಲವು ದಿನ ಅಷ್ಟೇ ಹೊತ್ತು ಹಿಡಿಯುತ್ತೆ.

ಮೊದಲ ವಾರ ಅವ್ವ ಬೆಳಗ್ಗೆ ನಾಲ್ಕಕ್ಕೇ ಎದ್ದು ಕೂರ್ತಿದ್ದಳು. ನಮ್ಮ ಊರಿಗೂ ಅಲ್ಲಿಗೂ ಹತ್ತೂವರೆ ಗಂಟೆ ವ್ಯತ್ಯಾಸ, ನಿದ್ದೆ ಹತ್ತಲ್ಲ. ಮುಂಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಯಾರಾದರೂ ಹೋಗ್ತಾರಾ ಅಂತ ನೋಡ್ತಿದ್ದಳು. ಮನೆಗೆ ಕಟ್ಟೆ ಇಲ್ಲ, ಕಾಂಪೌಂಡ್ ಇಲ್ಲ, ಹುಲ್ಲು ಮಾತ್ರ. ಎದುರು ಮನೆಯ ಗ್ಯಾರೇಜಿನ ಬಾಗಿಲು ತಾನಾಗಿ ಮೇಲೇಳುತ್ತೆ, ಕಾರು ಹೊರಗೆ ಬರುತ್ತೆ, ಬಾಗಿಲು ಇಳಿಯುತ್ತೆ. ಸಂಜೆ ಅದೇ ಆಟ ಉಲ್ಟಾ. ಒಳಗಿರೋ ಮನುಷ್ಯರ ಮುಖ ಕಾಣೋದೇ ಇಲ್ಲ. ಹಾರ್ನ್ ಇಲ್ಲ, ಮೈಕ್ ಇಲ್ಲ, ತರಕಾರಿ ಗಾಡಿ ಇಲ್ಲ. "ಊರು ಚಲೋ ಐತೆ, ಮಂದಿ ಎಲ್ಲಿ ಹೋಗ್ಯಾರೆ?" ಅಂತ ಅವ್ವ ಮೂರು ದಿನ ಕೇಳಿದಳು. ನಾಲ್ಕನೇ ದಿನ ಕೇಳೋದು ಬಿಟ್ಟಳು.

ಸುಳ್ಳು ಹೇಳಬಾರದು, ಅವಳಿಗೆ ಸುಖವೂ ಇತ್ತು. ಇಲ್ಲಿ ವರ್ಷಪೂರ್ತಿ ಇರೋ ಕೆಮ್ಮು ಅಲ್ಲಿ ಹದಿನೈದು ದಿನಕ್ಕೆ ನಿಂತಿತು. ಕರೆಂಟ್ ಹೋಗಲಿಲ್ಲ, ನಲ್ಲಿ ನೀರಿಗೆ ಕಾಯಲಿಲ್ಲ. ಅರೋರಾದ ಬಾಲಾಜಿ ಗುಡಿ ಹತ್ತಿರದಲ್ಲೇ, ಹೋದರೆ ತೆಲುಗು ಮಾತಾಡೋರು ಸಿಕ್ಕೇ ಸಿಗೋರು. ಬಳ್ಳಾರಿ ಕಡೆಯವರಿಗೆ ತೆಲುಗು ಸಿಕ್ಕರೆ ಅರ್ಧ ಮನೆ ಸಿಕ್ಕ ಹಾಗೆ ಅಲ್ವಾ? ಷಿಕಾಗೋ ಭಾಗದ ಕನ್ನಡಿಗರ ಸಂಘಕ್ಕೆ ವಿದ್ಯಾರಣ್ಯ ಕನ್ನಡ ಕೂಟ ಅಂತ ಹೆಸರು. ಹಂಪಿ ಸ್ವಾಮಿಗಳ ಹೆಸರು ಅಷ್ಟು ದೂರದಲ್ಲಿ ಕೇಳಿ ಅವ್ವ ಕೈ ಮುಗಿದಳು. ಇಂಡಿಯನ್ ಅಂಗಡಿಯಲ್ಲಿ ಸೋನಾ ಮಸೂರಿ ಚೀಲ ನೋಡಿ, ಇದು ಸಿರುಗುಪ್ಪದ್ದೇ ಇರಬೇಕು ಅಂತ ಮೂಗಿನ ಹತ್ತಿರ ಹಿಡಿದಳು. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಬಾಸುಮತಿ ಬಿಟ್ಟು ಉಳಿದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿದಾಗ ಅಕ್ಕನೂ ಈ ಅಂಗಡಿಗೆ ಓಡಿ ಬಂದು ಚೀಲ ಹೊತ್ತಿದ್ದಳಂತೆ. ಅದೇ ಹೊತ್ತಿಗೆ ಸಿರುಗುಪ್ಪದ ಚಿಕ್ಕಮ್ಮನ ಮನೆಯಲ್ಲಿ ಭತ್ತದ ದರ ಬೀಳುತ್ತೆ ಅಂತ ತಲೆ ಮೇಲೆ ಕೈ ಹೊತ್ತಿದ್ದರು. ಒಂದೇ ಸುದ್ದಿ, ಎರಡು ಮನೆ.

ಜೂನ್ ಮೊದಲ ಭಾನುವಾರ ಭಾವ ನಮ್ಮನ್ನು ಊರಿನ ಹಳೆ ಪೇಟೆಗೆ ಕರಕೊಂಡು ಹೋದರು. ಡುಪೇಜ್ ಅನ್ನೋ ಸಣ್ಣ ನದಿ, ಅದರ ದಡದ ಉದ್ದಕ್ಕೂ ಇಟ್ಟಿಗೆ ಹಾಸಿದ ದಾರಿ. ಕಾರಿನ ಬಾಗಿಲು ತೆಗೆದ ಕೂಡಲೇ ನಾವು ಕಿವಿ ಮುಚ್ಚಿಕೊಂಡೆವು. ಅಕ್ಕಿ ಗಿರಣಿ ನೂರು ಒಟ್ಟಿಗೆ ಓಡಿದ ಹಾಗೆ ಸದ್ದು! ಮರಗಳ ಮೇಲೆ, ಬೆಂಚಿನ ಮೇಲೆ, ಜನರ ಅಂಗಿ ಮೇಲೆ ಕೆಂಪು ಕಣ್ಣಿನ ಕಪ್ಪು ಹುಳ. ಸಿಕಾಡ ಅಂತಾರೆ, ನಮ್ಮ ಜೀರುಂಡೆ ಜಾತಿ. ನೆಲದೊಳಗೆ ಮರದ ಬೇರಿನ ರಸ ಕುಡಿಯುತ್ತಾ 17 ವರ್ಷ ಇದ್ದು, ಎಲ್ಲವೂ ಒಟ್ಟಿಗೆ ಮೇಲೆ ಬಂದು, ಕೂಗಿ, ಮೊಟ್ಟೆ ಇಟ್ಟು, ಕೆಲವೇ ವಾರದಲ್ಲಿ ಸಾಯುತ್ತವೆ. ಹಿಂದಿನ ಸಲ ಬಂದದ್ದು 2007ರಲ್ಲಿ, ಮುಂದಿನ ಸಲ 2041ರಲ್ಲಿ. ಆ ವರ್ಷವೇ ಅಮೆರಿಕದ ಬೇರೆ ಭಾಗಗಳಲ್ಲಿ 13 ವರ್ಷದ ಇನ್ನೊಂದು ಗುಂಪೂ ಎದ್ದಿತ್ತು. ಎರಡೂ ಒಂದೇ ವರ್ಷ ಎದ್ದದ್ದು 1803ರ ನಂತರ ಅದೇ ಮೊದಲು.

ಅವ್ವ ಒಂದು ಹುಳ ಅಂಗೈ ಮೇಲೆ ಬಿಟ್ಟುಕೊಂಡು ಕೇಳಿದಳು: "ಇಷ್ಟು ಹತ್ತಿರ ಐತೆ, ನಮ್ಮ ಓಣಿಯಾಗೆ ಒಂದೂ ಯಾಕೆ ಕೂಗಲ್ಲ?"

ಭಾವ ಹೇಳಿದ್ದು ಇಷ್ಟು. ಈ ಹುಳ ದೂರ ಹಾರಲ್ಲ. ಎಲ್ಲಿ ಹಳೆ ಮರ ಉಳಿದಿದೆಯೋ ಅಲ್ಲಿ ಮಾತ್ರ ಇದರ ಸಂತಾನ. ಅಕ್ಕನ ಓಣಿ ಮೂವತ್ತು ವರ್ಷದ ಹಿಂದೆ ಮೆಕ್ಕೆಜೋಳದ ಹೊಲ. ಎಷ್ಟೋ ವರ್ಷ ಉತ್ತ ನೆಲದಲ್ಲಿ ಮರದ ಬೇರು ಎಲ್ಲಿಂದ ಬರಬೇಕು? ಈಗಿರೋ ಮರಗಳು ಮನೆ ಕಟ್ಟಿದ ಕಂಪನಿ ನೆಟ್ಟವು. ಅದಕ್ಕೇ ಅಲ್ಲಿ ಅಷ್ಟು ಮೌನ.

ವಾಪಸ್ ಬರುವಾಗ ಅವ್ವ ಕಾರಿನಲ್ಲಿ ಮಾತೇ ಆಡಲಿಲ್ಲ. "ಹೊಲ ಆಗಿತ್ತಂತೆ" ಅಂತ ಒಂದು ಸಲ ತನ್ನಷ್ಟಕ್ಕೆ ಅಂದಳು.

ಜೂನ್ ನಡುವೆ ಅಕ್ಕನಿಗೆ ಹೆಣ್ಣು ಕೂಸಾಯಿತು. ಎರಡನೇ ದಿನಕ್ಕೇ ಮನೆಗೆ ಕಳಿಸಿದರು. ಅವ್ವನ ನಿಜವಾದ ಸಂಸಾರ ಶುರುವಾದದ್ದು ಆಮೇಲೆ. ಎಣ್ಣೆ, ಬಿಸಿನೀರು, ಅಂಟಿನುಂಡೆ. ಐದನೇ ದಿನ ತಾಯಿ-ಮಗುವಿಗೆ ಲೋಬಾನದ ಹೊಗೆ ಹಾಕಬೇಕು ಅಂತ ಹಠ ಹಿಡಿದಳು. ಬೇಡ ಅಂತ ಅಕ್ಕ ಹೇಳುತ್ತಲೇ ಇದ್ದಳು. ಕೆಂಡದ ಮೇಲೆ ಎರಡು ಚಿಟಿಕೆ ಬಿದ್ದದ್ದೇ ತಡ, ಮನೆಯ ಅಷ್ಟೂ ಹೊಗೆ ಗಂಟೆ ಒಟ್ಟಿಗೆ ಹೊಡಕೊಂಡವು. ಕೂಸು ಚೀರಿತು, ಭಾವ ಟವೆಲ್ ಹಿಡಿದು ಸೀಲಿಂಗ್ ಕಡೆ ಗಾಳಿ ಬೀಸಿದರು, ಅವ್ವ ಕೆಂಡದ ಬಟ್ಟಲು ಹಿಡಕೊಂಡು ಹೊರಗೆ ಓಡಿದಳು. ಮೂರು ವಾರದಲ್ಲಿ ಮೊದಲ ಸಲ ಯಾರೋ ಬಾಗಿಲಿಗೆ ಬಂದರು. ಪಕ್ಕದ ಮನೆಯ ಮುದುಕಿ, ಚಪ್ಪಲಿಯೂ ಇಲ್ಲದೆ ಓಡಿ ಬಂದಿದ್ದಳು.

ಆಕೆಗೆ ಎಂಬತ್ತರ ಹತ್ತಿರ. ಬೆಂಕಿ ಇಲ್ಲ ಅಂತ ಗೊತ್ತಾದ ಮೇಲೆ ಬಟ್ಟಲಿನ ಹತ್ತಿರ ಬಗ್ಗಿ ವಾಸನೆ ತಗೊಂಡು, ನಮ್ಮ ಚರ್ಚಿನಲ್ಲೂ ಹೀಗೇ ಹಾಕ್ತಾರೆ ಅಂದಳು. ಮಾರನೇ ದಿನದಿಂದ ಸಂಜೆ ಐದಕ್ಕೆ ಎರಡು ಕುರ್ಚಿ ಹುಲ್ಲಿನ ಮೇಲೆ ಬಿದ್ದವು. ಅವ್ವನಿಗೆ ಇಂಗ್ಲಿಷ್ ಬರಲ್ಲ, ಆಕೆಗೆ ಕನ್ನಡ ಬರಲ್ಲ, ನಡುವೆ ತರ್ಜುಮೆಗೆ ನಾವು. ಕೆಲವು ದಿನ ತರ್ಜುಮೆ ಮಾಡೋರು ಇಲ್ಲದಿದ್ದರೂ ಇಬ್ಬರೂ ಒಂದು ಗಂಟೆ ಕೂತಿರ್ತಿದ್ದರು. ಏನು ಮಾತಾಡ್ತಿದ್ದರೋ!

ಆಕೆಯ ಅಪ್ಪ ಈ ಭಾಗದಲ್ಲೇ ಮೆಕ್ಕೆಜೋಳ, ಸೋಯಾ ಬೆಳೀತಿದ್ದವನು. ಆಕೆ ಚಿಕ್ಕವಳಿದ್ದಾಗ, 1950ರ ಜನಗಣತಿಯಲ್ಲಿ, ನೇಪರ್‌ವಿಲ್‌ನ ಜನ 7,013. ನಮ್ಮ ಒಂದು ದೊಡ್ಡ ಹಳ್ಳಿಯಷ್ಟು. ಆಮೇಲೆ ಷಿಕಾಗೋದಿಂದ ಹೆದ್ದಾರಿ ಬಂತು, 1966ರಲ್ಲಿ ಬೆಲ್ ಲ್ಯಾಬ್ಸ್ ಬಂತು, ಹೊಲಗಳು ಒಂದೊಂದಾಗಿ ಮನೆಗಳಾದವು. 2020ರಲ್ಲಿ 1,49,540 ಜನ. ಅವ್ವ ಲೆಕ್ಕ ಕೇಳಲಿಲ್ಲ. ಅವಳು ಕೇಳಿದ್ದು, "ಹೊಲ ಮಾರಿದ ಮೇಲೆ ನಿಮ್ಮಪ್ಪ ಎಲ್ಲಿದ್ದ?"

ಚೆನ್ನಾಗಿ ದುಡ್ಡು ಬಂತು, ಊರಲ್ಲೇ ಒಳ್ಳೆ ಮನೆ ತಗೊಂಡ ಅಂದಳು ಆಕೆ. ಆದರೆ ದಿನಾ ಬೆಳಗ್ಗೆ ಟ್ರಕ್ ತಗೊಂಡು ಹೊಲ ಇದ್ದ ಕಡೆ ಬಂದು, ಕಾಮಗಾರಿ ಮಾಡೋರ ಜೊತೆ ಜಗಳ ಆಡ್ತಿದ್ದನಂತೆ. ನೀರು ಆ ಕಡೆ ಹರಿಯುತ್ತೆ, ನೀವು ಈ ಕಡೆ ಚರಂಡಿ ತೋಡ್ತಿದ್ದೀರಿ ಅಂತ. ಇಬ್ಬರೂ ನಕ್ಕರು. ಮಾರಿದ್ದಕ್ಕೆ ನನಗೇನೂ ಬೇಜಾರಿಲ್ಲ, ಆ ದುಡ್ಡಲ್ಲೇ ನಾವು ಕಾಲೇಜು ಓದಿದ್ದು ಅಂತಲೂ ಆಕೆ ಹೇಳಿದಳು. ಇದನ್ನು ತರ್ಜುಮೆ ಮಾಡುವಾಗ ಅಕ್ಕ ಸ್ವಲ್ಪ ಜೋರಾಗಿಯೇ ಹೇಳಿದಳು ಅನ್ನಿಸಿತು.

ಕಾನ್ಸುಲೇಟ್‌ಗೆ ಆಗಸ್ಟ್ ನಡುವೆ ಹೋಗೋದು ಅಂತ ಆಗಿತ್ತು. ಆಗಸ್ಟ್ 10, ಶನಿವಾರ. ಅಲ್ಲಿ ಮಧ್ಯಾಹ್ನ, ಓಣಿಯ ತುಂಬಾ ಹುಲ್ಲು ಕತ್ತರಿಸೋ ಯಂತ್ರದ ಸದ್ದು. ಇಲ್ಲಿ ರಾತ್ರಿ. ನಮ್ಮ ಫೋನ್ ಟಣ್ ಅನ್ನೋಕೆ ಶುರುವಾಗಿದ್ದು ನಿಲ್ಲಲೇ ಇಲ್ಲ. ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ಕಿತ್ತು ಹೋಗಿದೆ.

ನಿಮಗೆಲ್ಲ ಆ ರಾತ್ರಿ ನೆನಪಿದೆ, ಬಿಡಿಸಿ ಹೇಳಬೇಕಿಲ್ಲ. ಆದರೆ ಹದಿಮೂರು ಸಾವಿರ ಕಿ.ಮೀ. ಆಚೆ, ಹೊರಗೆ ಒಂದು ನಾಯಿಯೂ ಬೊಗಳದ ಮನೆಯಲ್ಲಿ ಕೂತು ಆ ಸುದ್ದಿ ನೋಡೋದು ಬೇರೆ ಥರ. ಆ ಒಂದು ಗೇಟಿನಲ್ಲೇ ಸುಮಾರು 35,000 ಕ್ಯೂಸೆಕ್ ನೀರು ನುಗ್ತಿತ್ತು. ಒತ್ತಡ ಇಳಿಸೋಕೆ 33 ಗೇಟುಗಳನ್ನೂ ಎತ್ತಿದರು. ಸಿರುಗುಪ್ಪದ ಹತ್ತಿರ ಹೊಳೆ ದಂಡೆಯಲ್ಲಿರೋ ಚಿಕ್ಕಮ್ಮ ಫೋನ್ ಎತ್ತಲಿಲ್ಲ. ಅವ್ವ ಮನೆಯೊಳಗೆ ಆ ಗೋಡೆಯಿಂದ ಈ ಗೋಡೆಗೆ ತಿರುಗಿದಳು. ಊರಲ್ಲಾಗಿದ್ದರೆ ಅಷ್ಟೊತ್ತಿಗೆ ಹತ್ತು ಜನ ಕಟ್ಟೆ ಮೇಲೆ ಸೇರಿರೋರು, ಸುಳ್ಳೋ ನಿಜವೋ ಏನಾದರೂ ಹೇಳೋರು. ಕಡೆಗೆ ಅವ್ವ ಪಕ್ಕದ ಮನೆಗೆ ಹೋಗಿ ಮುದುಕಿಯನ್ನು ಕರಕೊಂಡು ಬಂದಳು. ಆಕೆಗೆ ತುಂಗಭದ್ರೆ ಯಾವ ದಿಕ್ಕಿಗಿದೆ ಅಂತಲೂ ಗೊತ್ತಿಲ್ಲ. ಆದರೂ ಸೋಫಾ ಮೇಲೆ ಕೂತು ನಮ್ಮ ಕನ್ನಡ ಚಾನೆಲ್ಲನ್ನು ಕತ್ತಲಾಗೋವರೆಗೆ ನೋಡಿದಳು. ರಾತ್ರಿ ಚಿಕ್ಕಮ್ಮನ ಫೋನ್ ಬಂತು. ಸಾಮಾನು ಅಟ್ಟಕ್ಕೇರಿಸಿ ಕೂತಿದ್ದೀವಿ, ನೀರು ಊರೊಳಗೆ ಬಂದಿಲ್ಲ ಅಂದಳು.

ಕನ್ಹಯ್ಯ ನಾಯ್ಡು ಅವರ ತಂಡ ಹರಿಯೋ ನೀರಿನಲ್ಲೇ ತುಂಡು ತುಂಡಾಗಿ ಸ್ಟಾಪ್‌ಲಾಗ್ ಇಳಿಸಿ ಒಂದು ವಾರದಲ್ಲಿ ಕಿಂಡಿ ಮುಚ್ಚಿದ್ದನ್ನೂ ನಾವು ಅಲ್ಲೇ ನೋಡಿದೆವು. ಅಷ್ಟರಲ್ಲಿ ಎಷ್ಟೋ ನೀರು ಹೊಳೆ ಸೇರಿತ್ತು. ಆ ವಾರವೇ ಅಕ್ಕ ಬಾಯಿಬಿಟ್ಟು ಹೇಳಿದಳು: "ಎಪ್ಪತ್ತು ವರ್ಷದ ಡ್ಯಾಮು. ನಾಳೆ ಇನ್ನೊಂದು ಗೇಟು ಹೋಗುತ್ತೆ. ನೀರಿಲ್ಲದ ಹೊಲ ಇಟ್ಕೊಂಡು ಏನು ಮಾಡ್ತೀಯವ್ವ? ಸೈಟಿಗೆ ಕಾಲುವೆ ಬೇಕಿಲ್ಲ."

ಮಾತು ತಪ್ಪಲ್ಲ. ನಮ್ಮ ಹತ್ತಿರವೂ ಉತ್ತರ ಇರಲಿಲ್ಲ. ಅವ್ವ ಕೂಸಿಗೆ ಎಣ್ಣೆ ತಿಕ್ಕುತ್ತಾ ತಲೆ ಎತ್ತದೆ ಹೇಳಿದಳು: "ನಿನ್ನ ಪಾಲು ನಿನ್ನದು. ಮಾರ್ಕೊ, ನಾನು ಅಡ್ಡ ಬರಲ್ಲ. ನನ್ನನ್ನ ಮಾತ್ರ ಬಳ್ಳಾರಿಯಾಗೆ ಬಾಗಿಲು ಹಾಕ್ಕೊಂಡು ಕೂರ್ಸಬೇಡ. ಇಲ್ಲಿ ಮುದುಕಿ ಬರೋಕೆ ಮನೆಗೆ ಬೆಂಕಿ ಹಚ್ಚಬೇಕಾತು."

ಅಕ್ಕ ಅತ್ತಳು. ಬಾಣಂತಿ ಅಳಬಾರದು ಅಂತ ಅವ್ವ ಬೈದಳು. ಷಿಕಾಗೋಗೆ ಹೋದೆವು, ರೈಲಲ್ಲೇ ಹೋದೆವು, ದೊಡ್ಡ ಕಟ್ಟಡ ನೋಡಿದೆವು, ಸಮುದ್ರದಂಥ ಮಿಷಿಗನ್ ಸರೋವರದ ದಂಡೆಯಲ್ಲಿ ಮೊಸರನ್ನ ತಿಂದೆವು. ಕಾನ್ಸುಲೇಟ್ ಕಡೆ ಹೋಗಲಿಲ್ಲ.

ಸೆಪ್ಟೆಂಬರ್ ಕೊನೆಗೆ ಹೊರಟಾಗ ಮುದುಕಿ ಅವ್ವನಿಗೆ ಒಣಗಿದ ಮೆಕ್ಕೆಜೋಳದ ತೆನೆ ಒಂದು ಕೊಟ್ಟಳು. ಬೀಜ ವಿಮಾನದಲ್ಲಿ ತರೋ ಹಾಗಿಲ್ಲ ಅಂತ ನಾವು ಎಷ್ಟು ಹೇಳಿದರೂ ಅವ್ವ ಬಿಡಲಿಲ್ಲ. ಕಡೆಗೆ ಅಕ್ಕನ ಅಡುಗೆಮನೆಯ ಕಿಟಕಿಯಲ್ಲಿಟ್ಟು ಬಂದಳು. ನಾವು ಕುರುಗೋಡು ಮುಟ್ಟುವಷ್ಟರಲ್ಲಿ ಮಳೆ ಕೈಹಿಡಿದು ಡ್ಯಾಮು ಮತ್ತೆ ತುಂಬಿತ್ತು.

ಲೇಔಟಿನವರು ಈಗಲೂ ಫೋನ್ ಮಾಡ್ತಾರೆ, ದರ ಏರಿಸ್ತಾನೇ ಇದ್ದಾರೆ. ಕಾಗದ ಅದೇ ಸೂಟ್‌ಕೇಸಿನ ತಳದಲ್ಲಿ, ಸೂಟ್‌ಕೇಸ್ ಅಟ್ಟದ ಮೇಲೆ. ಅಕ್ಕ ವಿಡಿಯೋ ಕಾಲ್ ಮಾಡೋದು ನಮಗೆ ರಾತ್ರಿ ಎಂಟಕ್ಕೆ, ಅವಳಿಗೆ ಬೆಳಗ್ಗೆ. ಕೂಸು ಹಠ ಮಾಡ್ತಿದ್ದರೆ "ಅವ್ವ, ಫೋನ್ ಸ್ವಲ್ಪ ಹೊರಗೆ ಹಿಡಿ" ಅಂತಾಳೆ. ಅವ್ವ ಬಾಗಿಲಿಗೆ ಬಂದು ಕೈ ಚಾಚಿ ರಸ್ತೆ ಕಡೆ ಹಿಡೀತಾಳೆ. ಬಳ್ಳಾರಿ ಬಸ್ಸು ಹಾರ್ನ್ ಹೊಡೆಯುತ್ತಾ ಹೋಗುತ್ತೆ, ನಾಯಿಗಳು ಅದರ ಹಿಂದೆ ಓಡ್ತವೆ, ಎದುರು ಮನೆಯವರು ಯಾರ ಜೊತೆಗೋ ಜಗಳ ಆಡ್ತಿರ್ತಾರೆ. ಕೂಸು ಬಾಯಿ ತೆರಕೊಂಡು ಕೇಳ್ತಾ ಕೂರುತ್ತೆ.