ಗೋಡೆಯಾಚೆಯ ಬಸವನಗುಡಿ

ಬೆಂಗಳೂರಿನ ಚಿಕ್ಕಪೇಟೆ, ಬಳೇಪೇಟೆಗಳ ಓಣಿಗಳಲ್ಲಿ ಒಮ್ಮೆ ನಡೆದಾಡಿ, ಅಲ್ಲಿಂದ ನೇರವಾಗಿ ಬಸವನಗುಡಿಗೆ ಬಂದು ನೋಡಿರಿ. ಎರಡೂ ಒಂದೇ ಊರಿನ ಭಾಗಗಳೆಂದು ನಂಬುವುದು ತುಸು ಕಷ್ಟವೇ ಆದೀತು. ಪೇಟೆಯಲ್ಲಿ ಮನೆಗೆ ಮನೆ ಅಂಟಿಕೊಂಡಿದೆ. ಒಬ್ಬರ ಒರಳಿನ ಸದ್ದು ಇನ್ನೊಬ್ಬರ ದೇವರ ಕೋಣೆಗೆ ಕೇಳಿಸುವುದು ಅಲ್ಲಿ ತಲೆತಲಾಂತರದ ರೂಢಿ. 1898ರಲ್ಲಿ ಪ್ಲೇಗಿನ ಮಾರಿ ಈ ಇಕ್ಕಟ್ಟಿನೊಳಕ್ಕೆ ಹೊಕ್ಕ ಮೇಲೆಯೇ ಬಸವನಗುಡಿ, ಮಲ್ಲೇಶ್ವರಗಳೆಂಬ ಬಡಾವಣೆಗಳು ಮೈದಾಳಿದುದು. ಅಗಲವಾದ ಬೀದಿ, ನಿವೇಶನದ ನಡುವೆ ಮನೆ, ಸುತ್ತ ನಾಲ್ಕು ಗಿಡಗಳಿಗೆ ಎಡೆ, ಹಿಂಬದಿಯಲ್ಲಿ ನೈರ್ಮಲ್ಯದ ಕೆಲಸಕ್ಕೆಂದು ಕಿರು ಓಣಿ. ಗಾಳಿ ಬೆಳಕುಗಳಿಗೆಂದು ಬಿಟ್ಟ ಈ ಅಂತರ ಮತ್ತೊಂದು ಉಪಕಾರವನ್ನೂ ಸದ್ದಿಲ್ಲದೆ ಮಾಡಿತು: ನೆರೆಮನೆಯ ಮಾತು ನೆರೆಮನೆಯಲ್ಲೇ ಉಳಿಯಿತು.

ಬಸವನಗುಡಿ ಎಂದೂ ಮೂಕವಾಗಿದ್ದ ಊರಲ್ಲ. ಗಾಂಧಿಬಜಾರಿನ ಹೂವಾಡಗಿತ್ತಿಯರ ಕೂಗು, ದೊಡ್ಡ ಬಸವಣ್ಣನ ಗುಡಿಯ ಗಂಟೆ, ನಸುಕಿನ ಕೋಗಿಲೆ, ಈಗಿನ ಕಾಲಕ್ಕೆ ಹಾಡಿಕೊಂಡು ಬರುವ ಕಸದ ಗಾಡಿ, ಎಲ್ಲವೂ ಇಲ್ಲಿವೆ. ಕಾರ್ತಿಕದ ಕಡೆಯ ಸೋಮವಾರದ ಕಡಲೆಕಾಯಿ ಪರಿಷೆಯಲ್ಲಂತೂ ಪೀಪಿಯ ಸದ್ದಿಗೆ ಕಿವಿ ತೂತಾಗುತ್ತದೆ. ಅದನ್ನು ಯಾರೂ ದೂರುವುದಿಲ್ಲ. ಊರಿನ ಸದ್ದು ಬೇರೆ, ನೆರೆಯವರ ಸದ್ದು ಬೇರೆ. ಮೊದಲನೆಯದು ಎಲ್ಲರಿಗೂ ಸೇರಿದ್ದು. ಎರಡನೆಯದು ತಮ್ಮೊಬ್ಬರನ್ನೇ ಹುಡುಕಿಕೊಂಡು ಬಂದಂತೆ ತೋರುತ್ತದೆ.

ನಮ್ಮ ತಂದೆಯವರಿಂದ ಬಂದ ಮನೆ ಗಾಂಧಿಬಜಾರಿಗೆ ಸಮೀಪದ ಒಂದು ಅಡ್ಡರಸ್ತೆಯಲ್ಲಿದೆ. ಪಕ್ಕದ ನಿವೇಶನದಲ್ಲಿ ಹಿಂದೆ ಹೆಂಚಿನ ಮನೆಯೂ ಒಂದು ಸಂಪಿಗೆ ಮರವೂ ಇದ್ದವು. ಈಗ ನಾಲ್ಕು ಅಂತಸ್ತುಗಳು ಎದ್ದು ನಿಂತಿವೆ. ನಮಗೂ ಅವಕ್ಕೂ ನಡುವೆ ಒಬ್ಬ ಮನುಷ್ಯ ಓರೆಯಾಗಿ ಹಾಯುವಷ್ಟು ಜಾಗ. ನಾಲ್ಕು ಗಂಟೆಯ ನಸುಕಿನಲ್ಲಿ ನೀರೆತ್ತುವ ಮೋಟಾರು ಗುಡುಗುತ್ತದೆ. ಎರಡನೆಯ ಅಂತಸ್ತಿನ ಹುಡುಗರು ಕಚೇರಿಯಿಂದ ಬರುವುದೇ ರಾತ್ರಿ ಹನ್ನೊಂದಕ್ಕೆ. ಅವರ ಸಂಗೀತಸೇವೆ ಆರಂಭವಾಗುವುದು ಆನಂತರ. ಹಾಡು ಕೇಳಿಸಿದರೂ ಒಂದು ಸುಖವಿತ್ತು. ಗೋಡೆಯನ್ನು ದಾಟಿ ಬರುವುದು ಬರಿಯ ದಿಮ್ ದಿಮ್ ಎಂಬ ಪೆಟ್ಟು. ಇಂಪಾದ ಮೇಲುಸ್ವರಗಳನ್ನು ಗೋಡೆ ತಡೆದುಬಿಡುತ್ತದೆ, ಕೆಳಸ್ವರಗಳು ಹಾದುಬರುತ್ತವೆ. ಗೋಡೆ ಭಾರವಾದಷ್ಟೂ ಸದ್ದಿಗೆ ತಡೆ ಹೆಚ್ಚು. ಹಿಂದಿನವರು ಕಟ್ಟಿದ ಕಲ್ಲುಗಾರೆಯ ದಪ್ಪ ಗೋಡೆಗೂ ಇಂದಿನ ನಾಲ್ಕಂಗುಲದ ಸಿಮೆಂಟು ಇಟ್ಟಿಗೆಗೂ ಇರುವ ಅಂತರವನ್ನು ನಡುರಾತ್ರಿಯಲ್ಲಿ ಮಲಗಿ ಅರಿಯಬೇಕು. ಆ ಗೋಡೆಗೆ ಎದುರಾಗಿ ನಮ್ಮ ತಾಯಿಯವರ ಹಾಸಿಗೆ. ಅವರಿಗೆ ಮೊದಲೇ ನಿದ್ರೆ ಕಡಿಮೆ.

ಕಾನೂನು ಇದರ ವಿಷಯದಲ್ಲಿ ಮೌನವಾಗಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲಿನಲ್ಲಿ 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬೆಲ್ ಎಂದು ಮಿತಿಯಿಟ್ಟಿವೆ. ಹತ್ತು ಡೆಸಿಬೆಲ್ ಏರಿತೆಂದರೆ ಶಬ್ದದ ಶಕ್ತಿ ಹತ್ತು ಪಟ್ಟಾಯಿತೆಂದು ಲೆಕ್ಕ. ಕಿವಿಗೆ ಮಾತ್ರ ಸುಮಾರು ಇಮ್ಮಡಿಯಾಗಿ ತೋರುತ್ತದೆ. ಮಿತಿಯನ್ನು ಹತ್ತು ಡೆಸಿಬೆಲ್ ಅಥವಾ ಅದಕ್ಕಿಂತ ಹೆಚ್ಚಾಗಿ ಮೀರಿದರೆ, ಇಲ್ಲವೆ ರಾತ್ರಿಯ ನಿರ್ಬಂಧಗಳನ್ನು ಮುರಿದರೆ ದೂರು ಕೊಡಬಹುದು. ನನ್ನ ಸಹೋದ್ಯೋಗಿಯೊಬ್ಬರು ಪೋಲೀಸರನ್ನು ಕರೆಯಿರೆಂದು ಒತ್ತಾಯಪಡಿಸಿದರು. ಪೋಲೀಸರು ಬಂದು ಹೋಗುವುದು ಕಾಲು ಗಂಟೆಯ ಕೆಲಸ. ಆ ಬಳಿಕ ನೆರೆಯವರೊಡನೆ ಮುಖ ಮುರಿದುಕೊಂಡು ಕಳೆಯಬೇಕಾದುದು ಇಪ್ಪತ್ತು ವರ್ಷ.

ನನಗೆ ಇನ್ನೊಂದು ತೊಡಕೂ ಇತ್ತು. ಮಹಡಿಯ ಮೇಲೆ ಸಾಲಮಾಡಿ ಎರಡು ಕೋಣೆ, ಒಂದು ಅಡುಗೆಮನೆ ಕಟ್ಟಿಸಿದ್ದೆ. ಅದರ ಬಾಡಿಗೆ ಬಂದರಷ್ಟೇ ಸಾಲದ ಕಂತು ನಡೆಯತಕ್ಕದ್ದು. ಮನೆಯಲ್ಲಿರುವವನಿಗೆ ತನ್ನ ಎರಡು ಕಿವಿಗಳ ಚಿಂತೆ ಮಾತ್ರ; ಬಾಡಿಗೆಗೆ ಕೊಡುವವನಿಗೆ ಬಾಡಿಗೆದಾರರ ಕಿವಿಗಳ ಚಿಂತೆಯೂ ಸೇರಿಕೊಳ್ಳುತ್ತದೆ. ಮನೆ ನೋಡಲು ಬಂದವರು ಕೇಳುವ ಮೊದಲ ಪ್ರಶ್ನೆ ನೀರು, ಎರಡನೆಯದು ಗಲಾಟೆ.

ಒಂದು ಭಾನುವಾರ ಪಕ್ಕದ ಮನೆಯ ಯಜಮಾನರಲ್ಲಿಗೆ ಹೋದೆ. ವಯಸ್ಸಾದವರು, ಮೇಲಿನ ಅಂತಸ್ತುಗಳ ಬಾಡಿಗೆಯೇ ಅವರ ಜೀವನಾಧಾರ. ಕಾಫಿ ಕೊಟ್ಟರು. ನನ್ನ ಮಾತನ್ನೆಲ್ಲ ಕೇಳಿ, “ಹೇಳುವುದು ಹೇಗೆ ಮೇಷ್ಟ್ರೇ? ಬಿಟ್ಟು ಹೋದರೆ ಮೂರು ತಿಂಗಳು ಮನೆ ಖಾಲಿ. ನಾಳೆ ನೀವೂ ಬಾಡಿಗೆಗೆ ಕೊಡುತ್ತೀರಲ್ಲ, ಆಗ ಗೊತ್ತಾಗುತ್ತದೆ,” ಎಂದರು.

ಮಾತು ಚುಚ್ಚಿತು, ಆದರೆ ಸುಳ್ಳಾಗಿರಲಿಲ್ಲ. ಅವರನ್ನು ನಮ್ಮ ತಾಯಿಯ ಕೋಣೆಗೆ ಕರೆತಂದೆ. ಮೋಟಾರನ್ನು ಹಾಕಿಸಿ, ಗೋಡೆಯ ಮೇಲೆ ಅಂಗೈ ಇಟ್ಟು ನೋಡಿರೆಂದೆ. ಅವರು ಇಟ್ಟರು. ಬಹಳ ಹೊತ್ತು ಕೈ ತೆಗೆಯಲಿಲ್ಲ. ನಮ್ಮ ಕಡೆಯಿಂದ ಅದು ಹೇಗೆ ಕೇಳಿಸೀತೆಂಬುದು ಅಲ್ಲಿಯವರೆಗೆ ಅವರಿಗೆ ತಿಳಿದೇ ಇರಲಿಲ್ಲ.

ಮೋಟಾರಿನ ಕೆಳಗೆ ದಪ್ಪ ರಬ್ಬರು ಬಂತು. ಹೊತ್ತು ನಾಲ್ಕರಿಂದ ಆರಕ್ಕೆ ಜಾರಿತು. ಹುಡುಗರೊಡನೆ ಮಾತನಾಡಲು ಇಬ್ಬರೂ ಒಟ್ಟಿಗೆ ಹೋದೆವು. ನೆಲದ ಮೇಲೆ ಗೋಡೆಗೆ ಒರಗಿಸಿಟ್ಟಿದ್ದ ಸ್ಪೀಕರುಗಳನ್ನು ಅವರು ಎದುರು ಮೂಲೆಯ ಮೇಜಿಗೆ ಏರಿಸಿದರು. ಅಷ್ಟರಿಂದಲೇ ಅರ್ಧಕ್ಕರ್ಧ ಇಳಿಯಿತು. ಉಳಿದರ್ಧ ಶನಿವಾರ ರಾತ್ರಿ ಈಗಲೂ ಕೇಳಿಬರುವುದುಂಟು. ತಾಯಿಯವರ ಹಾಸಿಗೆಯನ್ನು ಪಶ್ಚಿಮದ ಕೋಣೆಗೆ ಸಾಗಿಸಿದ್ದೇವೆ.

ಮಹಡಿಗೆ ಬಂದವರಿಗೆ ಶನಿವಾರದ ಸಂಗತಿಯನ್ನು ಮೊದಲೇ ಹೇಳಿಬಿಡುತ್ತಿದ್ದೆ. ಮೂರು ಸಂಸಾರಗಳು ನಮಸ್ಕಾರ ಹೇಳಿ ಹೊರಟುಹೋದವು. “ನೀವು ಪಾಠ ಹೇಳುವುದನ್ನು ಕಾಲೇಜಿನಲ್ಲೇ ಮುಗಿಸಿಬನ್ನಿ,” ಎಂದು ನನ್ನ ಹೆಂಡತಿ ಬೇಸರಪಟ್ಟಳು. ಕಂತಿನ ದಿನ ಸಮೀಪಿಸುತ್ತಿತ್ತು. ನಾಲ್ಕನೆಯವರಾಗಿ ಬಂದಾಕೆ ಆಸ್ಪತ್ರೆಯೊಂದರಲ್ಲಿ ರಾತ್ರಿಪಾಳಿಯ ದಾದಿ, ಹಗಲು ಮಲಗುವವರು. ಒಂದು ಮಧ್ಯಾಹ್ನ ಬಂದು ಖಾಲಿ ಕೋಣೆಯಲ್ಲಿ ಕಿಟಕಿ ಮುಚ್ಚಿಕೊಂಡು ಒಂದು ಗಂಟೆ ಕುಳಿತಿದ್ದು, “ಇದು ಆಗುತ್ತದೆ ಸಾರ್,” ಎಂದರು.

ಹನ್ನೊಂದು ತಿಂಗಳ ಕರಾರು ಬರೆಸಿದೆವು. ಒಂದು ವರ್ಷಕ್ಕೆ ಮಿಕ್ಕಿದ ಗೇಣಿಯನ್ನು 1908ರ ನೋಂದಣಿ ಕಾಯಿದೆಯ ಪ್ರಕಾರ ನೋಂದಾಯಿಸಲೇಬೇಕಾದುದರಿಂದ ಊರೆಲ್ಲ ಈ ಹನ್ನೊಂದಕ್ಕೆ ಶರಣಾಗಿದೆ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ವಾದ್ಯ, ಒರಳು, ಮಿಕ್ಸಿಗಳ ಸದ್ದು ಕೂಡದೆಂದು ಒಂದು ಸಾಲನ್ನು ನಾನೇ ಸೇರಿಸಿದೆ. ಆಕೆ ಓದಿ, ತಮ್ಮ ಮಗ ಮೃದಂಗ ಕಲಿಯುತ್ತಿದ್ದಾನೆಂದೂ, ಹಗಲಿನಲ್ಲಿ ನುಡಿಸಬಹುದಷ್ಟೆಯೆಂದೂ ವಿನಯದಿಂದ ಕೇಳಿದರು.

ಆ ಸಂಜೆಯೇ ಪಕ್ಕದ ಮನೆಗೆ ಹೋಗಿ ವಿಷಯ ತಿಳಿಸಿದೆ. ಯಜಮಾನರು ಹೊಟ್ಟೆ ತುಂಬ ನಕ್ಕರು.

“ಐದರಿಂದ ಆರು ಗಂಟೆಯವರೆಗೆ ಬಾರಿಸಲಿ ಮೇಷ್ಟ್ರೇ. ಆಗ ನಾನು ಬ್ಯೂಗಲ್ ರಾಕ್ ಕಡೆ ತಿರುಗಾಡಲು ಹೋಗಿರುತ್ತೇನೆ.”