ನೆಟ್ಟ ಕೂದಲು ಉದುರುವ ವಾರಗಳು

ಜಯನಗರದ ಮನೆಯ ಬಚ್ಚಲು. ಬಕೆಟ್‌ನಲ್ಲಿ ಉಗುರುಬೆಚ್ಚಗಿನ ನೀರು. ಹಣೆಯ ಅಂಚಿಗೆ ಬೇಬಿ ಶಾಂಪೂವಿನ ನೊರೆ ಸವರುತ್ತಿದ್ದೀರಿ, ಉಜ್ಜುವ ಧೈರ್ಯ ಇನ್ನೂ ಬಂದಿಲ್ಲ. ಕೂದಲು ಕಸಿ ಮಾಡಿಸಿ ಇದು ನಾಲ್ಕನೇ ವಾರ. ಹಕ್ಕಳೆಯೆಲ್ಲ ಎದ್ದುಹೋಗಿ ನೆತ್ತಿ ನುಣುಪಾಗಿದೆ. ಒಂದು ಚೊಂಬು ನೀರು ಸುರಿದು ಕಣ್ಣು ಬಿಟ್ಟರೆ ಅಂಗೈಯಲ್ಲಿ ಗಿಡ್ಡ ಕೂದಲುಗಳು. ಇನ್ನೊಂದು ಚೊಂಬಿಗೆ ಮತ್ತಷ್ಟು.

ಟವೆಲ್ ಸುತ್ತಿಕೊಂಡು ಒಂದು ಕೂದಲನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತೀರಿ. ತುದಿಯಲ್ಲೊಂದು ಬಿಳಿ ಚುಕ್ಕೆ, ಸಣ್ಣ ಗುಬುಟು. ಬೇರೇ ಕಿತ್ತು ಬಂತು ಎಂದು ಎದೆ ಧಸಕ್ಕೆನ್ನುತ್ತದೆ. ಇಡೀ ದಿನ ಮಂಚದ ಮೇಲೆ ಬೋರಲು ಬಿದ್ದು, ಆಮೇಲೆ ಅಂಗಾತ ಮಲಗಿ ನೆಡಿಸಿಕೊಂಡ ಎರಡು ಸಾವಿರ ಗ್ರಾಫ್ಟ್, ಅಂದರೆ ಬೇರುಸಮೇತ ಕಿತ್ತು ನೆಟ್ಟ ಕೂದಲಿನ ತುಣುಕುಗಳು. ಎರಡನೇ ಇಎಂಐ ಕೂಡ ಇನ್ನೂ ಕಟ್ಟಿಲ್ಲ.

ಫೋಟೋ ವಾಟ್ಸಾಪ್‌ನಲ್ಲಿ ಹೋಗುತ್ತದೆ. ಡಾಕ್ಟರ್ ಫೋನ್ ಮಾಡುತ್ತಾರೆ.

"ರಕ್ತ ಬಂತಾ?"

"ಇಲ್ಲ ಡಾಕ್ಟ್ರೇ."

"ಕೀವು, ಜ್ವರ, ನೋವು?"

"ಏನೂ ಇಲ್ಲ."

"ಹಾಗಾದ್ರೆ ಬೇರು ಒಳಗೇ ಇದೆ. ಉದುರಿದ್ದು ಕೂದಲು ಮಾತ್ರ."

ಅವರು ಹೇಳಿದ್ದು ಸಮಾಧಾನದ ಮಾತಲ್ಲ, ಸತ್ಯ. ಬಿಳಿ ಗುಬುಟು ಬೇರಲ್ಲ. ಸರದಿ ಮುಗಿಸಿ ಉದುರುವ ಪ್ರತಿ ಕೂದಲಿನ ಬುಡದಲ್ಲೂ ಅದಿರುತ್ತದೆ. ಹೊಸ ಕೂದಲು ಹುಟ್ಟಿಸಬೇಕಾದ ಕೋಶ ಚರ್ಮದಡಿಯಲ್ಲಿ ಹಾಗೇ ಉಳಿದಿದೆ. ಹಿಂದಲೆಯಿಂದ ಕಿತ್ತು, ರಕ್ತದ ಸಂಪರ್ಕವಿಲ್ಲದೆ ತಣ್ಣನೆಯ ದ್ರವದಲ್ಲಿ ಗಂಟೆಗಟ್ಟಲೆ ಕಾದು, ಹೊಸ ಜಾಗದಲ್ಲಿ ಚುಚ್ಚಿಸಿಕೊಂಡ ಆ ಕೋಶ ಬೆಳೆಯುವುದನ್ನು ನಿಲ್ಲಿಸಿ ವಿಶ್ರಾಂತಿಗೆ ಹೋಗಿದೆ. ಹೋಗುವಾಗ ಹಳೆಯ ಎಳೆಯನ್ನು ಉದುರಿಸುತ್ತದೆ. ಸಾಮಾನ್ಯವಾಗಿ ಎರಡನೇ ವಾರದಿಂದ ಎಂಟನೇ ವಾರದವರೆಗೆ ಇದೇ ಕಥೆ. ಗ್ರಾಫ್ಟೇ ಕಿತ್ತುಬರುವ ಭಯ ಮೊದಲ ಹತ್ತು ದಿನಗಳದ್ದು. ಬಂದರೆ ಮಾಂಸದ ಚೂರು, ರಕ್ತ ಕಾಣುತ್ತದೆ.

ಹಿಂದಲೆಯ ಕೂದಲನ್ನೇ ಏಕೆ ತಂದರು? ಬೋಳಾಗಿಸುವ ಹಾರ್ಮೋನಿಗೆ ಅದು ಅಷ್ಟಾಗಿ ಬಗ್ಗುವುದಿಲ್ಲ, ಎಲ್ಲಿ ನೆಟ್ಟರೂ ಆ ಗುಣ ಬಿಡುವುದಿಲ್ಲ. ನ್ಯೂಯಾರ್ಕ್‌ನ ಚರ್ಮವೈದ್ಯ ನಾರ್ಮನ್ ಓರೆಂಟ್ರೀಚ್ ಇದನ್ನು 1959ರಲ್ಲೇ ಬರೆದಿಟ್ಟಿದ್ದಾರೆ.

ಎರಡನೇ ತಿಂಗಳು ಮಂಡ್ಯದ ಛತ್ರದಲ್ಲಿ ಮದುವೆ. ಟೋಪಿ ತೆಗೆಯದೆ ಪಂಕ್ತಿಯಲ್ಲಿ ಕೂರುವಂತಿಲ್ಲ. ನೆಟ್ಟದ್ದು ಹೋಯಿತು, ಸಾಲದೆಂಬಂತೆ ಅಕ್ಕಪಕ್ಕದ ಸ್ವಂತ ಕೂದಲೂ ತೆಳ್ಳಗಾಗಿದೆ. ಶಾಕ್ ಲಾಸ್ ಎನ್ನುವುದು ಇದನ್ನೇ. ಎದುರು ಸಾಲಿನಿಂದ ಮಾವನ ದನಿ: "ಏನಪ್ಪಾ, ದುಡ್ಡು ಕೊಟ್ಟು ಇದ್ದಿದ್ದನ್ನೂ ಕಳ್ಕೊಂಡ್ಯಾ?" ಪಂಕ್ತಿಯೇ ನಗುತ್ತದೆ. ಪಕ್ಕದ ಅಜ್ಜಿ ಮಾತ್ರ ಹಪ್ಪಳ ಮುರಿಯುತ್ತಾ, "ನಾಟಿ ಹಾಕಿದ ಪೈರು ಮೊದ್ಲು ಹಳದಿಗೆ ತಿರುಗಲ್ವೇನೋ? ಬೇರು ಹಿಡೀಲಿ ಬುಡು" ಎನ್ನುತ್ತಾರೆ. ಕ್ಲಿನಿಕ್‌ನವರು ಕೊಟ್ಟ ಬಣ್ಣದ ಪುಸ್ತಿಕೆಗಿಂತ ಇದೇ ವಾಸಿ. ಆ ಪುಸ್ತಿಕೆಯಲ್ಲಿ ಮೊದಲಿನ ಫೋಟೋ, ಕೊನೆಯ ಫೋಟೋ ಎರಡೇ. ನಡುವಿನ ಬೋಳು ತಿಂಗಳುಗಳ ಚಿತ್ರ ಒಂದೂ ಇರಲಿಲ್ಲ.

ಒಂದು ಮಾತು ಮುಚ್ಚಿಡಬಾರದು. ಗಟ್ಟಿಯಾಗಿದ್ದ ಸ್ವಂತ ಕೂದಲು ಮರಳುತ್ತದೆ. ಮೊದಲೇ ಸವೆದು ತೆಳುವಾಗಿದ್ದ ಕೂದಲು ಕೆಲವೊಮ್ಮೆ ಮರಳುವುದಿಲ್ಲ. ಗಾಬರಿಗೆ ಕೂದಲು ಬೆಳೆಸುವ ಔಷಧ ಮಿನಾಕ್ಸಿಡಿಲ್ ತಂದು ನೀವೇ ಹಚ್ಚಲು ಶುರುಮಾಡಬೇಡಿ, ಅದೂ ಮೊದಲ ವಾರಗಳಲ್ಲಿ ಕೂದಲು ಉದುರಿಸಬಲ್ಲದು. ಡಾಕ್ಟರನ್ನು ಕೇಳಿ ಹಚ್ಚಿ.

ನಾಲ್ಕನೇ ತಿಂಗಳು. ಕನ್ನಡಿಯೆದುರು ಹಣೆಯ ಮೇಲೆ ಬೆರಳಾಡಿಸುತ್ತೀರಿ. ಎರಡು ಮೂರು ಸಣ್ಣ ಗುಳ್ಳೆ, ಜೊತೆಗೆ ಒಂದಿಷ್ಟು ಮುಳ್ಳುಮುಳ್ಳು. ಬಗ್ಗಿ ನೋಡಿದರೆ ತೆಳು ಎಳೆಗಳು, ಕೆಲವು ಸುರುಳಿ ಸುತ್ತಿವೆ. ಒಂದೇ ಸಲಕ್ಕೆ ಎಲ್ಲವೂ ಏಳುವುದಿಲ್ಲ. ಒಂದೊಂದು ಕೋಶ ತನ್ನ ಹೊತ್ತಿಗೆ ಎಚ್ಚರಾಗುತ್ತದೆ, ಎದ್ದ ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಲೆಕ್ಕದಲ್ಲಿ ಬೆಳೆಯುತ್ತದೆ.

ಕಸಿ ಹಿಡಿಯಿತೋ ಇಲ್ಲವೋ ಎಂಬ ತೀರ್ಮಾನ ಹನ್ನೆರಡು ತಿಂಗಳಾದ ಮೇಲೆ. ನಡುನೆತ್ತಿಯದ್ದಾದರೆ ಹದಿನೆಂಟು ತಿಂಗಳೂ ಆದೀತು. ಅದಕ್ಕೂ ಮುಂಚೆ, ಉದುರುವುದನ್ನು ನಿಲ್ಲಿಸುತ್ತೇವೆ ಎಂದು ಹೊಸ ಪ್ಯಾಕೇಜ್ ಹಿಡಿದು ಬಂದವರಿಗೆ ದಯವಿಟ್ಟು ದುಡ್ಡು ಕೊಡಬೇಡಿ.